ಹಡೆದವಳ ಕಡೆಯ ರಕ್ತ

ಸವಣೂರು
೧೪ ಜುಲೈ ೨೦೨೫

ಪ್ರೀತಿಯ ಮಂಜುಳಾ,

ನಿನ್ನ ಕಾಗದ ಬಂದು ಎರಡು ತಿಂಗಳು ಕಳೆದವು. ಉತ್ತರ ಬರಲಿಲ್ಲವೆಂದು ನೀನು ಮುನಿಸಿಕೊಂಡಿರುತ್ತೀ. ರಾಯಚೂರಿನ ಬಿಸಿಲಿಗೆ ಆ ಮುನಿಸು ಒಣಗಿ ಕಟ್ಟಿಗೆಯಾಗಿರಲೂಬಹುದು. ಅಂಗನವಾಡಿಗೆ ಹೊಸ ಮಕ್ಕಳು ಬಂದಿದ್ದಾರೆ, ಒಬ್ಬರಾದ ಮೇಲೊಬ್ಬರು ಅಳುತ್ತಾರೆ, ಬಿಡುವಿಲ್ಲ ಎಂದು ನೆಪ ಹೇಳಬಹುದು. ನಿಜವೆಂದರೆ ಬರೆಯಲು ಕೂತರೆ ಕೈ ಏಳುತ್ತಿರಲಿಲ್ಲ. ಫೋನ್ ಮಾಡೋಣವೆಂದರೆ, ನಿನ್ನ ಕಿವಿ ಮಂದವಾದಾಗಿನಿಂದ ಪ್ರತಿ ಮಾತನ್ನೂ ಎರಡು ಸಲ ಕೂಗಬೇಕು. ನಮ್ಮದು ಎರಡು ಕೋಣೆಯ ಮನೆ. ಇದು ಕೂಗಿ ಹೇಳುವ ಸಂಗತಿಯಲ್ಲ.

ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಇವರು ಯಲವಿಗಿ ಸ್ಟೇಷನ್ನಿನಲ್ಲಿ ಹಳಿ ಕಾಯುವ ಕೆಲಸದಲ್ಲೇ ಇದ್ದಾರೆ. ಲೋಹಿತ ಹಾವೇರಿಯ ಹಾಸ್ಟೆಲಿನಲ್ಲಿದ್ದುಕೊಂಡು ಡಿಪ್ಲೊಮಾ ಓದುತ್ತಿದ್ದಾನೆ. ಓದುತ್ತಿದ್ದೇನೆ ಎಂದು ಅವನು ಹೇಳುತ್ತಾನೆ. ಎಲೆಬಳ್ಳಿ ತೋಟಗಳಿಗೆ ಈ ಸಲ ಮಳೆ ಹದವಾಗಿ ಬಿದ್ದಿದೆ. ನಿನ್ನ ಮೊಮ್ಮಗ ನಡೆಯಲು ಕಲಿತನೇ?

ಈಗ ನಮ್ಮ ಮಿತ್ರಾಳ ವಿಷಯ. ನನ್ನ ಮದುವೆಯಲ್ಲಿ ನಿನ್ನ ತೊಡೆಯ ಮೇಲೆ ಕೂತು ಲಾಡು ತಿಂದು, ನಿನ್ನ ಹೊಸ ಸೀರೆಗೆಲ್ಲ ತುಪ್ಪ ಬಳಿದಿದ್ದ ಮೂರು ವರ್ಷದ ಕೂಸು ನೆನಪಿದೆಯಲ್ಲ? ಆ ಸಂಘಮಿತ್ರಾಳಿಗೆ ಈಗ ಇಪ್ಪತ್ಮೂರು. ಶಿಗ್ಗಾಂವಿಯ ಹತ್ತಿರ ಒಂದು ಬಟ್ಟೆ ಕಾರ್ಖಾನೆಯಲ್ಲಿ ಕೆಲಸ, ದಿನವೂ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಏಪ್ರಿಲ್ ತಿಂಗಳಲ್ಲಿ ಕಾರ್ಖಾನೆಯವರು ಕೆಲಸದ ಹೆಣ್ಣುಮಕ್ಕಳಿಗೆಲ್ಲ ಆರೋಗ್ಯ ತಪಾಸಣೆ ಮಾಡಿಸಿದರು. ಬಳ್ಳಿಯಂತೆ ಇರುವ ಹುಡುಗಿ, ಗಾಳಿ ಬಂದರೆ ಬಾಗುತ್ತಾಳೆ. ಅವಳ ರಕ್ತದಲ್ಲಿ ಕೊಲೆಸ್ಟ್ರಾಲು ನನ್ನ ವಯಸ್ಸಿನ ದಢೂತಿ ಹೆಂಗಸಿಗೂ ಇರಬಾರದಷ್ಟು ಇದೆ ಎಂದು ಬಂತು. ಹುಬ್ಬಳ್ಳಿಯ ಹೃದಯದ ವೈದ್ಯರೊಬ್ಬರಿಗೆ ತೋರಿಸಿದೆವು. ಅವರು ಇನ್ನೊಂದು ಪರೀಕ್ಷೆ ಬರೆದರು. ಅದರ ಹೆಸರು ಎಲ್‌ಪಿ ಲಿಟಲ್ ಎ, ರಕ್ತನಾಳ ಕಟ್ಟಿಸುವ ಒಂದು ಬಗೆಯ ಕೊಬ್ಬಂತೆ. ಮೂವತ್ತರೊಳಗೆ ಇದ್ದರೆ ಒಳ್ಳೆಯದಂತೆ. ಮಿತ್ರಾಳದು ನೂರಾ ಹದಿನೆಂಟು.

ವರದಿ ಹಿಡಿದು ಮೂವರೂ ವೈದ್ಯರ ಮುಂದೆ ಕೂತಿದ್ದೆವು. ಅವರು ಕೇಳಿದರು: "ಮನಿಯೊಳಗ ಯಾರಿಗರ ಹೃದಯದ ತೊಂದರಿ ಐತೇನ್ರಿ? ಸಣ್ಣ ವಯಸ್ಸಿನಾಗ ಯಾರರ ತೀರಿಕೊಂಡಾರೇನು?"

"ನಮ್ಮ ಕಡೆ ಯಾರಿಗೂ ಇಲ್ರಿ ಸರ್," ಎಂದೆ. "ನಮ್ಮವ್ವ ಎಂಬತ್ತು ದಾಟ್ಯಾಳ, ಇನ್ನೂ ತಲಿ ಮ್ಯಾಲ ನೀರು ಹೊರತಾಳ."

ಇದು ನನ್ನ ಬಾಯಿಂದ ತಾನಾಗಿ ಬಂದ ಮಾತು, ಮಂಜುಳಾ. ಅವಳನ್ನು ಶಾಲೆಗೆ ಸೇರಿಸುವಾಗ, ರೇಷನ್ ಕಾರ್ಡು ಮಾಡಿಸುವಾಗ, ಎಲ್ಲ ಕಡೆ ತಾಯಿ ಎಂದರೆ ನಾನೇ ಮುಂದೆ ಬಂದು ನಿಂತಿದ್ದೇನೆ. ವೈದ್ಯರು ತಲೆಯಾಡಿಸಿ ಬರೆದುಕೊಂಡರು. "ಇದು ಹೊಟ್ಟಿಗೆ ತಿಂದದ್ದರಿಂದ ಬರೂದಲ್ಲ, ತಂದಿ ಅಥವಾ ತಾಯಿ ರಕ್ತದಿಂದ ಬರೂದು. ಯಾರಿಂದ ಬಂದೈತಿ ಅಂತ ಗೊತ್ತಾದ್ರ ಆ ಮನಿತನದಾಗ ಉಳಿದವರನ್ನೂ ನೋಡಬಹುದು. ಇಬ್ರೂ ರಕ್ತ ಕೊಟ್ಟು ಹೋಗ್ರಿ," ಎಂದರು. ನರ್ಸು ಬಂದು ನನ್ನ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. ನಾನು ಮುಷ್ಟಿ ಕಟ್ಟಿದೆ.

ಆಗ ಮಿತ್ರಾ ಹೇಳಿದಳು: "ಸರ್, ಅದನ್ನ ಬರಕೋಬ್ಯಾಡ್ರಿ. ಇಕಿ ನನ್ನ ಹಡದಾಕಿ ಅಲ್ಲ. ನನ್ನ ಹಡದಾಕಿ ಮೂವತ್ತೊಂದಕ್ಕ ಎದಿ ಹಿಡಕೊಂಡು ಸತ್ತಾಳ."

ದನಿಯಲ್ಲಿ ಸಿಟ್ಟಿರಲಿಲ್ಲ, ತಿರಸ್ಕಾರವಿರಲಿಲ್ಲ. ತಪ್ಪಾದ ವಿಳಾಸವನ್ನು ತಿದ್ದುವ ಹಾಗೆ ಹೇಳಿದಳು. ವೈದ್ಯರು ನನ್ನತ್ತ ನೋಡಿ, "ಹಂಗಾದ್ರ ನಿಮ್ಮದು ಬ್ಯಾಡ್ರಿ ಅಮ್ಮಾರ, ತಂದಿಯವರದು ಸಾಕು," ಎಂದರು. ನರ್ಸು ಪಟ್ಟಿ ಬಿಚ್ಚಿಕೊಂಡು ಇವರ ಕಡೆ ಹೋದಳು. ನಾನು ಮುಷ್ಟಿ ಬಿಡುವುದನ್ನು ಮರೆತು ಹಾಗೇ ಕೂತಿದ್ದೆ.

"ಇಕಿ" ಎಂದಳು ನೋಡು. ಅವ್ವ ಎನ್ನಲಿಲ್ಲ. ಅಲ್ಲಿ ಅವ್ವ ಎಂದರೆ ಗೊಂದಲವಾಗುತ್ತಿತ್ತು, ಒಪ್ಪುತ್ತೇನೆ. ಆದರೂ.

ಇವರ ರಕ್ತದಲ್ಲಿ ಏನೂ ಇರಲಿಲ್ಲ. ಅಂದರೆ ಎಲ್ಲವೂ ಸವಿತಾಳಿಂದ ಬಂದದ್ದು. ಇವರ ಮೊದಲ ಹೆಂಡತಿ ಸವಿತಾ ಹೇಗೆ ಹೋದಳೆಂದು ನಿನಗೆ ಹಿಂದೆ ಹೇಳಿದ್ದೆ. ಎದೆಯುರಿ ಎಂದಳು, ಗ್ಯಾಸ್ ಇರಬೇಕೆಂದು ಸೋಡಾ ಕುಡಿಸಿದರು, ಆಸ್ಪತ್ರೆ ಮುಟ್ಟುವುದರೊಳಗೆ ಮುಗಿದಿತ್ತು. ಇಷ್ಟು ವರ್ಷ ಇವರು ನನ್ನೆದುರು ಅವಳ ಹೆಸರು ಎತ್ತಿದವರಲ್ಲ. ಈಗ ಉಣ್ಣಲು ಕೂತರೆ ಶುರು: "ಸವಿತಾಗೂ ಹತ್ತು ಮೆಟ್ಟಲಾ ಏರಿದ್ರ ಹಿಂಗ ಬೆವರು ಬರತಿತ್ತು." ಮಲಗಲು ಹೋದರೆ: "ಸವಿತಾ ಎಡಮಗ್ಗಲಾಗಿ ಮಲಗಾಕ ಆಗೂದಿಲ್ಲ ಅಂತಿದ್ದಳು." ಒಂದು ಅಂಕಿ ಮನೆಗೆ ಬಂತು, ಅದರ ಬೆನ್ನಿಗೆ ಅವಳೂ ಬಂದು ನನ್ನ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತಳು.

ಸತ್ತವರ ಜೊತೆ ಹೇಗೆ ಜಗಳವಾಡುವುದು? ಅವಳು ಒಂದು ದಿನವೂ ಮಿತ್ರಾಳಿಗೆ ಬೈದಿಲ್ಲ, ಹೊಡೆದಿಲ್ಲ, ಗಣಿತದ ಪರೀಕ್ಷೆಗೆಂದು ಕಿವಿ ಹಿಂಡಿ ಎಬ್ಬಿಸಿಲ್ಲ. ಮೂವತ್ತೊಂದಕ್ಕೇ ನಿಂತುಬಿಟ್ಟಿದ್ದಾಳೆ. ನನಗೆ ಈಗ ಐವತ್ತು, ತಲೆಗೆ ಬಣ್ಣ ಹಚ್ಚುವುದನ್ನೂ ಬಿಟ್ಟಿದ್ದೇನೆ. ಸಂಘಮಿತ್ರಾ ಎಂಬ ಹೆಸರು ಕೂಡ ಅವಳೇ ಇಟ್ಟದ್ದು. ನಾನು ಮಗಳನ್ನು ಕರೆದಾಗೆಲ್ಲ ಅವಳ ಮಾತನ್ನೇ ಆಡಿದಂತೆ.

ಹೆದರಬೇಡ, ಹುಡುಗಿ ಗಟ್ಟಿಯಾಗಿದ್ದಾಳೆ. ಹುಟ್ಟಿನಿಂದ ಬಂದ ಆ ಅಂಕಿಯನ್ನು ಇಳಿಸುವುದು ಕಷ್ಟ, ಅದಕ್ಕೇ ಉಳಿದದ್ದನ್ನೆಲ್ಲ ಬಿಗಿಯಾಗಿ ಹಿಡಿಯಬೇಕು ಎಂದಿದ್ದಾರೆ ವೈದ್ಯರು. ಕೊಲೆಸ್ಟ್ರಾಲಿಗೆ ಒಂದು ಗುಳಿಗೆ ಕೊಟ್ಟಿದ್ದಾರೆ. ಕರಿದದ್ದು ಬೇಡ, ಬಿಪಿ ನೋಡಿಸುತ್ತಿರಬೇಕು, ಮದುವೆಯಾದ ಮೇಲೆ ಬಸಿರಿನ ಯೋಚನೆ ಬಂದರೆ ಮೊದಲು ತಮಗೆ ಹೇಳಬೇಕು, ಹೀಗೆ. ಮನೆಯಲ್ಲಿ ಖಾರ ಕರಿಯುವ ಬಾಣಲೆಯನ್ನು ಅಟ್ಟದ ಮೇಲಕ್ಕೆ ಎತ್ತಿಟ್ಟಿದ್ದೇನೆ.

ನಿನ್ನ ಮಗ ಸೊಸೆಗೆ ನನ್ನ ನೆನಪು ಹೇಳು, ಕೂಸಿಗೆ ಒಂದು ಮುದ್ದು.

ನಿನ್ನ
ಜಯಶ್ರೀ

ತಾ.ಕ.: ನನ್ನ ಮದುವೆಯ ದಿನ ಯಾರೋ ನಿನಗೆ ಸವಿತಾಳ ಫೋಟೋ ತೋರಿಸಿದ್ದರು ಎಂದಿದ್ದೀ. ಚೆಲುವೆಯಿದ್ದಳೇ? ಸುಳ್ಳು ಬರೆಯಬೇಡ.

---

ಸವಣೂರು
೧೧ ಸೆಪ್ಟೆಂಬರ್ ೨೦೨೫

ಪ್ರೀತಿಯ ಮಂಜುಳಾ,

"ಚೆಲುವೆಯಿದ್ದಳು, ಆದರೆ ನಿನ್ನಷ್ಟು ಮಾತಿನವಳಂತೆ ಕಾಣಲಿಲ್ಲ" ಎಂದು ಬರೆದಿದ್ದೀ. ಫೋಟೋದಲ್ಲಿ ಯಾರು ಮಾತಾಡುತ್ತಾರೆ, ಮಾರಾಯ್ತಿ? ಆದರೂ ಓದಿ ನಕ್ಕೆ. ಈ ದಿನಗಳಲ್ಲಿ ನಗಲು ನನಗೆ ನಿನ್ನ ಕಾಗದವೇ ಬೇಕು. ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡ.

ಆ ಫೋಟೋ ಈಗ ನಮ್ಮ ಗೋಡೆಯ ಮೇಲಿದೆ. ಇವರು ಟ್ರಂಕಿನಿಂದ ತೆಗೆದು ಕೊಟ್ಟರು, ಮಿತ್ರಾ ಸವಣೂರಿನ ಪೇಟೆಯಲ್ಲಿ ಕಟ್ಟು ಹಾಕಿಸಿ ತಂದಳು, ಬಾಬಾಸಾಹೇಬರ ಪಟದ ಪಕ್ಕದಲ್ಲಿ ಮೊಳೆ ಹೊಡೆದಳು. "ಅವ್ವಾ, ಸೊಟ್ಟ ಐತೇನು ನೋಡು," ಎಂದು ನನ್ನನ್ನೇ ಕೇಳಿದಳು. ನೋಡಿ, ನೆಟ್ಟಗಿದೆ ಎಂದೆ. ಬೇರೆ ಏನು ಹೇಳಲಿ? ನೆಟ್ಟಗೇ ಇತ್ತು. ಗಲ್ಲ, ಹುಬ್ಬು, ನಗುವಾಗ ಮೇಲೇಳುವ ತುಟಿ ಎಲ್ಲ ಮಿತ್ರಾಳದೇ. ನಾನು ಈ ಹುಡುಗಿಗೆ ಬರೆಯುವುದನ್ನು, ಉಣ್ಣುವುದನ್ನು, ಜಡೆ ಹಾಕಿಕೊಳ್ಳುವುದನ್ನು ಕಲಿಸಿದೆ. ನಗುವುದನ್ನು ನಾನೇ ಕಲಿಸಿದೆ ಎಂದುಕೊಂಡಿದ್ದೆ.

ಲೋಹಿತನಿಗೆ ನನ್ನದೆಲ್ಲ ಬಂದಿದೆ, ನನ್ನ ಮೂಗು, ನನ್ನ ಗೊರಕೆ, ನನ್ನ ಹಟ. ಅದರಿಂದ ಎಂದೂ ನನಗೆ ಹೆಮ್ಮೆಯೆನಿಸಲಿಲ್ಲ. ಕೇಳದೆ ಬಂದದ್ದು ಅದು. ಮಿತ್ರಾ ಹಾಗಲ್ಲ. ಮದುವೆಯಾದ ಮೊದಲ ಮಳೆಗಾಲವಿಡೀ ಅವಳು ನನ್ನ ಕೈಯ ತುತ್ತು ಉಗುಳಿದಳು. ಒಂದು ದಿನ ಉಗುಳಲಿಲ್ಲ. ಆ ದಿನ ನಾನು ಎಷ್ಟು ಕುಣಿದೆನೆಂದು ನಿನಗೆ ಬರೆದಿದ್ದೆ.

ಈಗ ಪ್ರತಿ ಭಾನುವಾರ ಅವಳು ಮಾಸೂರಿಗೆ ಹೋಗುತ್ತಾಳೆ. ಹಿರೇಕೆರೂರಿನ ಕಡೆ, ಮದಗದ ಕೆರೆಯ ಪಕ್ಕದ ಊರು. ಸವಿತಾಳ ತವರು. ಅಲ್ಲಿ ಅವಳ ತಾಯಿ ಭರಮವ್ವ ಇದ್ದಾಳೆ, ತಮ್ಮ ಗುತ್ತೆಪ್ಪ ಇದ್ದಾನೆ, ಟ್ರ್ಯಾಕ್ಟರ್ ಹೊಡೆಯುತ್ತಾನೆ. ಈ ಭರಮವ್ವ ಮಗಳು ಸತ್ತ ಮೇಲೆ ಎರಡು ವರ್ಷ ಆಗಾಗ ಬಂದು ಕೂಸನ್ನು ನೋಡಿಹೋಗುತ್ತಿದ್ದಳು, ಆಮೇಲೆ ಬರುವುದನ್ನೇ ಬಿಟ್ಟಳು. ಒಂದು ಲಂಗ ಕಳಿಸಲಿಲ್ಲ, ಹೇಗಿದ್ದಾಳೆ ಎಂದು ಕೇಳಲಿಲ್ಲ. ಈಗ ನೋಡು, ಮೊಮ್ಮಗಳ ಅಂಕಿ ಹಿಡಿದುಕೊಂಡು ಸಂಬಂಧ ಚಿಗುರಿದೆ. ವೈದ್ಯರು ಆ ಮನೆತನದವರನ್ನೂ ಪರೀಕ್ಷಿಸಿ ಎಂದದ್ದೇ ನೆಪ.

ಗುತ್ತೆಪ್ಪ ಮೊದಲು ಒಪ್ಪಲಿಲ್ಲವಂತೆ. "ನಾ ದಿನಾ ಮೂರು ರೊಟ್ಟಿ ತಿಂತೇನಿ, ಎತ್ತಿನಂಗ ದುಡಿತೇನಿ, ನನಗೇನಾಗೈತಿ?" ಎಂದನಂತೆ. ಮಿತ್ರಾ ಬಿಡಲಿಲ್ಲ. ಅವನ ರಕ್ತ ಕೊಡಿಸಿದಳು. ನೂರಾ ನಲವತ್ತು ಬಂತು. ಅವಳಿಗಿಂತ ಹೆಚ್ಚು! ಅದನ್ನು ಹೇಳುವಾಗ ಹುಡುಗಿಯ ಕಣ್ಣಲ್ಲಿ ನೀರಿತ್ತು, ಆದರೆ ದನಿಯಲ್ಲಿ ಇನ್ನೇನೋ ಇತ್ತು, ಮಂಜುಳಾ. ಕಳೆದುಹೋದ ಬಂಧುವನ್ನು ಸಂತೆಯಲ್ಲಿ ಕಂಡವರ ದನಿ. "ಮಾಮಾಗೂ ನನ್ನಂಗ ಐತವ್ವ. ಅವರಪ್ಪನೂ ಹಿಂಗ ಗದ್ದಿಯೊಳಗ ಕುಸಿದು ಹೋದನಂತ. ಅವ್ವ, ಅಜ್ಜ, ಮಾಮಾ, ನಾನು, ಎಲ್ಲಾರದೂ ಒಂದ."

ಮೊದಲ "ಅವ್ವ" ನಾನು, ಎರಡನೆಯ "ಅವ್ವ" ಅವಳು. ಒಂದೇ ಉಸಿರಿನಲ್ಲಿ.

ನಿನಗೆ ನಗು ಬರಬಹುದು, ಆದರೆ ನನಗೆ ಆ ರೋಗದ ಮೇಲೆಯೇ ಹೊಟ್ಟೆಕಿಚ್ಚು ಹುಟ್ಟಿದೆ. ಅದೊಂದು ದೊಡ್ಡ ಮನೆ, ಎಲ್ಲರೂ ಒಳಗೆ ಪಂಕ್ತಿಗೆ ಕೂತಿದ್ದಾರೆ, ನನ್ನನ್ನು ಹೊಸಿಲಲ್ಲಿ ನಿಲ್ಲಿಸಿ, "ನಿಮಗ ಏನೂ ಇಲ್ರಿ, ನೀವು ಆರಾಮ ಅದೀರಿ" ಎನ್ನುತ್ತಿದ್ದಾರೆ.

ಕಳೆದ ವಾರದ ಸಂಗತಿ ಕೇಳು. ಗುತ್ತೆಪ್ಪನಿಗೆ ಕೆಲಸ ಮಾಡುವಾಗ ಎದೆ ಬಿಗಿಯುತ್ತದಂತೆ, ಅವನು ಗ್ಯಾಸ್ ಎಂದು ಓಂಕಾಳು ಅಗಿಯುತ್ತಾನಂತೆ. ಮಿತ್ರಾಳಿಗೆ ಗಾಬರಿಯಾಗಿ, ಗುರುವಾರ ರಜೆ ಹಾಕಿ ಅವನನ್ನು ಹುಬ್ಬಳ್ಳಿಯ ವೈದ್ಯರಲ್ಲಿಗೆ ಕರೆದೊಯ್ಯುವುದೆಂದು ಗೊತ್ತುಮಾಡಿದಳು. ಬುಧವಾರ ಸಂಜೆಯೇ ಮಾಸೂರಿಗೆ ಹೋದಳು. ಹೋಗುವಾಗ ಒಂದು ಡಬ್ಬಿ ತುಂಬ ನಾನು ಮಾಡಿದ್ದ ಶೇಂಗಾ ಚಟ್ನಿ ಒಯ್ದಳು, "ಅಮ್ಮಗ ಭಾಳ ಸೇರತೈತಿ" ಎಂದಳು. ಭರಮವ್ವ ಈಗ "ಅಮ್ಮ" ಆಗಿದ್ದಾಳೆ.

ಅವಳು ಹೋದ ಮೇಲೆ ಮನೆ ಬಿಕೋ ಎನ್ನಿಸಿತು. ಇವರು ಡ್ಯೂಟಿಗೆ ಹೋಗಿದ್ದರು. ಗೋಡೆಯ ಮೇಲಿನವಳು ತುಟಿ ಎತ್ತಿ ನಗುತ್ತಿದ್ದಳು. ಫೋನ್ ತೆಗೆದುಕೊಂಡು, "ಮಿತ್ರಾ, ನನ್ನ ಮೊಣಕಾಲು ಹಿಡಕೊಂಡೈತಿ, ಏಳಾಕ ಬರವಲ್ದು, ನೀರು ಕೊಡಾಕೂ ಯಾರೂ ಇಲ್ಲ," ಎಂದೆ. "ಮುಂಜಾನಿ ಮೊದಲ ಬಸ್ಸಿಗೆ ಬರ್ತೇನಿ," ಎಂದಳು ಅವಳು.

ಬಂದಳು. ಗುತ್ತೆಪ್ಪನನ್ನು ಇನ್ನೊಂದು ರಜೆ ಸಿಕ್ಕಾಗ ಕರೆದೊಯ್ದರಾಯಿತು ಎಂದಳು. ಎರಡು ದಿನ ನನ್ನ ಮಂಡಿಗೆ ಎಣ್ಣೆ ತಿಕ್ಕಿದಳು, ಅನ್ನ ಬಸಿದಳು, ನನ್ನ ತಲೆ ಬಾಚಿದಳು. ನಾನು ಗೋಡೆಯತ್ತ ನೋಡಿ ಮನಸ್ಸಿನಲ್ಲೇ, "ನೋಡು, ಕರೆದದ್ದು ನಾನು, ಬಂದದ್ದು ಇವಳು" ಎಂದೆ. ಬೇಕಾದರೆ ನನ್ನನ್ನು ಸಣ್ಣ ಮನಸ್ಸಿನವಳೆನ್ನು. ಎಷ್ಟೋ ತಿಂಗಳ ಮೇಲೆ ನನಗೆ ತುಂಬು ನಿದ್ದೆ ಬಂತು.

ಆರೋಗ್ಯ ನೋಡಿಕೋ. ಕಿವಿಯ ಯಂತ್ರ ಹಾಕಿಕೊಳ್ಳಲು ಸಂಕೋಚಪಡಬೇಡ, ಕನ್ನಡಕ ಹಾಕುವುದಿಲ್ಲವೇ ಹಾಗೆ.

ನಿನ್ನ
ಜಯಶ್ರೀ

ತಾ.ಕ.: ಮೊಣಕಾಲಿಗೆ ಏನೂ ಆಗಿಲ್ಲ. ನೀನು ಗಾಬರಿಯಾಗಬಾರದೆಂದು ಬರೆದೆ.

---

ಸವಣೂರು
೨೩ ನವೆಂಬರ್ ೨೦೨೫

ಪ್ರೀತಿಯ ಮಂಜುಳಾ,

ನಿನ್ನ ಎರಡು ಕಾಗದಗಳು ಬಂದವು, ಎರಡನೆಯದರಲ್ಲಿ "ಬದುಕಿದ್ದೀಯೋ ಇಲ್ಲವೋ" ಎಂದಷ್ಟೇ ಬರೆದಿದ್ದೀ. ಬದುಕಿದ್ದೇನೆ. ಗುತ್ತೆಪ್ಪನೂ ಬದುಕಿದ್ದಾನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಬರೆಯುವುದಕ್ಕೆ ನನ್ನಿಂದಾಗದು.

ನಿನಗೆ ಆ ಕಾಗದ ಅಂಚೆಗೆ ಹಾಕಿದ ಮರುದಿನ ಶುಕ್ರವಾರ. ಗುತ್ತೆಪ್ಪ ಗದ್ದೆಯ ಬದುವಿನ ಮೇಲೆ ಗೊಬ್ಬರದ ಚೀಲ ಇಳಿಸುತ್ತಿದ್ದವನು ಎದೆ ಹಿಡಿದುಕೊಂಡು ಕೂತನಂತೆ. ಮೈಯೆಲ್ಲ ಬೆವರು. ಹೊಲದವರೆಲ್ಲ ಸೋಡಾ ತರಿಸಿ ಎಂದರಂತೆ. ಭರಮವ್ವ ಓಡಿಬಂದವಳು, "ಸೋಡಾ ಬ್ಯಾಡ! ನನ್ನ ಮೊಮ್ಮಗಳು ಹೇಳ್ಯಾಳ, ಬೆವತ್ರ ಸೀದಾ ದವಾಖಾನಿಗೆ ಅಂತ ಹೇಳ್ಯಾಳ," ಎಂದು ಕೂಗಾಡಿದಳಂತೆ. ಸೊಪ್ಪು ಹೇರಿಕೊಂಡು ಹೊರಟಿದ್ದ ಮುಸ್ತಾಕ ಎಂಬವನು ತನ್ನ ಟೆಂಪೋದಲ್ಲಿ ಮಲಗಿಸಿಕೊಂಡು ಹಿರೇಕೆರೂರಿಗೆ ಮುಟ್ಟಿಸಿದ. ಅಲ್ಲಿ ಇಸಿಜಿ ತೆಗೆದರು, ರಕ್ತದಲ್ಲಿ ಟ್ರೊಪೊನಿನ್ ಎಂಬುದನ್ನು ನೋಡಿದರು. ಹೃದಯದ ಮಾಂಸ ನೊಂದರೆ ಅದು ರಕ್ತಕ್ಕೆ ಇಳಿಯುತ್ತದಂತೆ. ಇಳಿದಿತ್ತು. ಗುಳಿಗೆ ಕೊಟ್ಟು, ಆಂಬುಲೆನ್ಸಿನಲ್ಲಿ ದಾವಣಗೆರೆಗೆ ಕಳಿಸಿದರು. ಅಲ್ಲಿ ಸ್ಟೆಂಟು ಹಾಕಿದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಕೈಗೆ ಸಿಗುತ್ತಿರಲಿಲ್ಲ ಎಂದರು.

ಹಿಂದಿನ ವಾರ ಗುರುವಾರ ಹುಬ್ಬಳ್ಳಿಗೆ ಹೋಗಿದ್ದರೆ ಇದು ಆಗುತ್ತಿತ್ತೋ ಇಲ್ಲವೋ, ಯಾರಿಗೆ ಗೊತ್ತು. ನನಗೆ ಮಾತ್ರ ಗೊತ್ತು ಎನ್ನಿಸುತ್ತದೆ.

ಸುದ್ದಿ ಬಂದಾಗ ಮಿತ್ರಾ ನನ್ನ ಎದುರಿಗೇ ಇದ್ದಳು. ಚಪ್ಪಲಿ ಮೆಟ್ಟಿಕೊಂಡು ಹೊರಟಳು. ನಾನು ಗಡಬಡಿಸಿ ಎದ್ದು ಹಿಂದೆ ಓಡಿದೆ. ಬಾಗಿಲಲ್ಲಿ ಅವಳು ತಿರುಗಿ ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು. ಅಷ್ಟೇ.

ಆಮೇಲೆ ಎರಡು ತಿಂಗಳು ಅವಳು ಮನೆಗೆ ಬರಲಿಲ್ಲ. ಮೊದಲು ದಾವಣಗೆರೆಯ ಆಸ್ಪತ್ರೆ, ನಂತರ ಮಾಸೂರು. ಕಾರ್ಖಾನೆಯ ಕೆಲಸ ಹೋಯಿತು. ಇವರೊಂದಿಗೆ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಮಾಡಿದರೆ, "ಹೂಂ, ಆರಾಮ ಅದೇವಿ," ಎಂದು ಇಟ್ಟುಬಿಡುತ್ತಿದ್ದಳು. ಆ "ಅದೇವಿ"ಯಲ್ಲಿ ನಾನಿರಲಿಲ್ಲ.

ಕಡೆಗೆ ಈ ತಿಂಗಳ ಮೊದಲ ವಾರ, ಏನಾದರಾಗಲಿ, ಹುಡುಗಿಯನ್ನು ಕರೆದುಕೊಂಡೇ ಬರುವುದೆಂದು ಹೊರಟೆ. ಹಾವೇರಿ, ಹಿರೇಕೆರೂರು, ಅಲ್ಲಿಂದ ಮಾಸೂರು, ಬಸ್ಸಿಳಿಯುವವರೆಗೆ ಜಗಳದ ಮಾತುಗಳನ್ನು ಜೋಡಿಸಿಕೊಂಡೇ ಇದ್ದೆ. ಇಷ್ಟು ವರ್ಷ ಎಲ್ಲಿದ್ದಿರಿ ಎಂದು ಕೇಳಬೇಕು. ಬೆಳೆದ ಮೇಲೆ ಬಂದು ಬಾಚಿಕೊಂಡಿರಲ್ಲ ಎಂದು ಕೇಳಬೇಕು.

ಮನೆಯಲ್ಲಿ ಭರಮವ್ವ ಒಬ್ಬಳೇ ಇದ್ದಳು. ಮಿತ್ರಾ ಮಾವನನ್ನು ಕೆರೆಯ ಏರಿಯ ಮೇಲೆ ನಿಧಾನಕ್ಕೆ ನಡೆಸಲು ಕರೆದೊಯ್ದಿದ್ದಳು. ಮುದುಕಿ ಸಣ್ಣಗಾಗಿದ್ದಾಳೆ, ಕಣ್ಣು ಮಾತ್ರ ಚೂಪು. "ಬಾ ಜಯವ್ವ, ಕುಂದರು," ಎಂದು ನೀರು ಕೊಟ್ಟಳು. ಜಗಳದ ಮಾತುಗಳು ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ.

"ಆ ಗುರುವಾರ ಅಕಿನ್ನ ಸುಳ್ಳು ಹೇಳಿ ಕರೆಸಿಕೊಂಡಾಕಿ ನಾನ," ಎಂದೆ. "ನನ್ನ ಕಾಲಿಗೆ ಏನೂ ಆಗಿರಲಿಲ್ಲ. ಅಕಿ ನಿಮ್ಮ ಮನ್ಯಾಗ ಇರೂದು ನನಗ ಸಹಿಸಲಿಲ್ಲ. ನಿಮ್ಮ ಮಗಾ ಸಾಯೂದೊಂದು ಬಾಕಿ ಇತ್ತು."

ಭರಮವ್ವ ಮೊರದಲ್ಲಿದ್ದ ಅಕ್ಕಿಯನ್ನು ಆರಿಸುತ್ತಲೇ ಇದ್ದಳು. ನಾನು ಏಳಬೇಕೆಂದಿದ್ದಾಗ ಬಾಯಿಬಿಟ್ಟಳು.

"ನಾ ಯಾಕ ಬರೂದು ಬಿಟ್ಟೆ ಗೊತ್ತೇನು ನಿನಗ?"

ಗೊತ್ತಿಲ್ಲ ಎಂದೆ.

"ನಾ ಬಂದು ಹೋದ ದಿನಾ ಕೂಸು ಉಣ್ಣತಿರಲಿಲ್ಲಂತ. ನನ್ನ ಸೆರಗು ಹಿಡಕೊಂಡು ಅಳತಿತ್ತು. ನೀ ಒಳಗ ಬಾಗಲಾ ಮರಿಗೆ ನಿಂತಿರತಿದ್ದಿ. ನಿನ್ನ ಮಾರಿ ನೋಡಿದ್ದೆ ನಾ. ಇಕಿ ತಾಯಿ ಆಗಬೇಕಂದ್ರ ನಾ ಬರಬಾರದು ಅಂತ ಬಿಟ್ಟೆ. ಸವಣೂರ ಬಸ್ಸು ನೋಡಿದ್ರ ಮಾರಿ ತಿರುವತಿದ್ದೆ. ಈಗ ಬ್ಯಾನಿ ನೆಪದಾಗ ಸಿಕ್ಕಾಳ. ಅಷ್ಟೂ ಇಟ್ಟುಕೋಬಾರದೇನು ನಾ?"

ನಾನು ತಲೆ ತಗ್ಗಿಸಿದೆ. ಆದರೆ ಮುದುಕಿಗೆ ಸಿಟ್ಟು ಈಗ ಏರತೊಡಗಿತ್ತು.

"ಸಿಕ್ಕಾಳರ ಎಲ್ಲಿ? ನಾ ಸಾರು ಮಾಡಿದ್ರ 'ನಮ್ಮವ್ವ ಬಳ್ಳೊಳ್ಳಿ ಜಜ್ಜಿ ಹಾಕತಾಳ' ಅಂತಾಳ. ಹಾಸಿಗಿ ಹಾಸಿದ್ರ 'ನಮ್ಮವ್ವ ಹಿಂಗ ಮಡಚತಾಳ' ಅಂತಾಳ. ಗುತ್ತೆಪ್ಪಗ ಬೈಯೂದೂ ನಿನ್ನಂಗ ಅಂತ, ಅಂವಾ ಹೇಳತಾನ. ನನ್ನ ಮಗಳ ಮಾರಿ ಇಟಕೊಂಡು ಇಡೀ ದಿನಾ ನಿನ್ನ ಮಾತು ಆಡತಾಳ. ಕೇಳಿ ಕೇಳಿ ನನ್ನ ಹೊಟ್ಟಿ ಉರದು ಹೋಗೈತಿ. ನನ್ನ ರಕ್ತಾನೂ ನೋಡಿದ್ರು ಗೊತ್ತೇನು? ಏನೂ ಇಲ್ಲಂತ. ಅದು ನನ್ನ ಗಂಡಂದಂತ. ಹಡದಾಕಿ ನಾ, ಮಣ್ಣಿಗೆ ಇಟ್ಟಾಕಿ ನಾ, ನನ್ನದು ಏನೂ ಇಲ್ಲ."

ಅಷ್ಟು ಹೇಳಿ ಮೊರವನ್ನು ಪಕ್ಕಕ್ಕೆ ತಳ್ಳಿದಳು. ನಾನು ಮೊರವನ್ನು ನನ್ನ ಕಡೆ ಎಳೆದುಕೊಂಡು ಅಕ್ಕಿ ಆರಿಸತೊಡಗಿದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವಳೂ ಒಂದು ಬದಿಯಿಂದ ಕೈ ಹಾಕಿದಳು.

ಗುತ್ತೆಪ್ಪ ಬಂದ. ತೆಳ್ಳಗಾಗಿದ್ದ, ನಗುತ್ತಿದ್ದ. "ಬರ್ರಿ ಅಕ್ಕಾರ, ನಿಮ್ಮ ಮಗಳು ನನ್ನ ಬೀಡಿ ಬಿಡಿಸಿ ಬರೇ ಗಾಳಿ ಕುಡಿಸಾಕತ್ತಾಳ," ಎಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಭರಮವ್ವ ಹೇಳಲಿಲ್ಲ, ಈ ಜನ್ಮದಲ್ಲಿ ಹೇಳುವುದಿಲ್ಲ ಎಂದು ಅವಳ ಮುಖ ನೋಡಿದರೆ ತಿಳಿಯಿತು. ಅದಕ್ಕೆ ನಾನು ಅವಳಿಗೆ ಋಣಿ, ಅದಕ್ಕೂ ನನಗೆ ಒಳಗೊಳಗೇ ಕಿಚ್ಚು. ಒಳ್ಳೆಯತನದಲ್ಲೂ ಆ ಮನೆಯವರೇ ಮುಂದೆ.

ಮಿತ್ರಾ ನನ್ನನ್ನು ಬಸ್ ನಿಲ್ದಾಣದವರೆಗೆ ಕಳಿಸಲು ಬಂದಳು. ದಾರಿಯಲ್ಲಿ ನಾನೇ ಬಾಯಿಬಿಟ್ಟೆ. "ಮಿತ್ರಾ, ಅವತ್ತ ನನ್ನ ಕಾಲು..."

"ಗೊತ್ತೈತಿ," ಎಂದಳು. "ಅವತ್ತ ಗೊತ್ತಾಗಿತ್ತು. ನಾ ಬಂದಾಗ ಅಟ್ಟದ ಮ್ಯಾಲಿನ ಬಾಣಲಿ ಕೆಳಗ ಇತ್ತು. ಸ್ಟೂಲ್ ಹತ್ತಿ ಇಳಿಸಿದ್ದಿ."

"ಮತ್ತ ಯಾಕ ಸುಮ್ಮನ ಎಣ್ಣಿ ತಿಕ್ಕಿದಿ?"

"ನೀ ಕರದಿದ್ದಿ ಅಂತ."

ಸ್ವಲ್ಪ ದೂರ ನಡೆದ ಮೇಲೆ ಅವಳು ನಿಂತಳು. "ಅವ್ವಾ, ಮಾಮಾ ಸತ್ತಿದ್ರ ನಾ ನಿನ್ನ ಮಾರಿ ನೋಡತಿರಲಿಲ್ಲ. ಖರೇನ ಹೇಳಾಕತ್ತೇನಿ." ಅವಳ ಕಣ್ಣಲ್ಲಿ ಸಿಟ್ಟು ನೋಡಿ ನನಗೆ ಹೆದರಿಕೆಯಾಯಿತು, ಎಲ್ಲೋ ಸಮಾಧಾನವೂ ಆಯಿತು. ಹೊರಗಿನವರ ಮೇಲೆ ಯಾರೂ ಹಾಗೆ ಸಿಟ್ಟಾಗುವುದಿಲ್ಲ.

"ಮನಿಗೆ ಯಾವಾಗ ಬರ್ತಿ?" ಎಂದೆ.

"ಮಾಮಾ ಟ್ರ್ಯಾಕ್ಟರ್ ಹತ್ತೂತನಕ ಇಲ್ಲೇ ಇರ್ತೇನಿ. ಆಮ್ಯಾಲ ಬರ್ತೇನಿ. ಅಮ್ಮನ್ನೂ ಕರಕೊಂಡು ಬರ್ತೇನಿ, ಒಂದು ವಾರ ಇರಲಿ. ನೀ ಮಾರಿ ಗಂಟು ಹಾಕೂದಿಲ್ಲಂದ್ರ."

ಹಾಕುವುದಿಲ್ಲ ಎಂದೆ. ಹಾಕುತ್ತೇನೆ, ಮಂಜುಳಾ, ನನ್ನ ಮುಖ ನನಗೆ ಗೊತ್ತಿದೆ. ಆದರೆ ಮುದುಕಿಗೂ ಅದು ಗೊತ್ತಿದೆ, ಅವಳು ಬಂದೇ ಬರುತ್ತಾಳೆ.

ನಾನು ಒಬ್ಬಳೇ ಬಸ್ಸು ಹತ್ತಿದೆ. ಮಿತ್ರಾ ಗುಳಿಗೆ ತಪ್ಪದೆ ತೆಗೆದುಕೊಳ್ಳುತ್ತಿದ್ದಾಳೆ, ಕಳೆದ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲು ಚೆನ್ನಾಗಿ ಇಳಿದಿದೆ. ಆ ಇನ್ನೊಂದು ಅಂಕಿ ಹಾಗೇ ಇರುತ್ತದಂತೆ, ಅವಳ ಜೊತೆ ಜೀವಮಾನವಿಡೀ.

ನಿನ್ನ ಮೊಮ್ಮಗ ಈಗ ಓಡುತ್ತಾನೆಂದು ಬರೆದಿದ್ದೀ. ಅವನ ಕಾಲಿಗೆ ಕಲ್ಲು ಮುಳ್ಳು ತಾಗದಿರಲಿ, ನಿನ್ನ ಮನೆಯಲ್ಲಿ ಎಲ್ಲರ ಎದೆಯೂ ತಣ್ಣಗಿರಲಿ. ನನ್ನನ್ನು ಬೈದು ಒಂದು ಉದ್ದನೆಯ ಕಾಗದ ಬರೆ.

ನಿನ್ನ
ಜಯಶ್ರೀ

ತಾ.ಕ.: ಕಾಗದ ಮಡಚಿಟ್ಟಿದ್ದೆ, ಮತ್ತೆ ಬಿಚ್ಚಿದೆ. ಮಾಸೂರಿನಿಂದ ಬಂದ ಮರುವಾರ, ಯಾರಿಗೂ ಹೇಳದೆ, ಇಲ್ಲಿನ ಪೇಟೆಯಲ್ಲಿ ಸಿರಾಜುದ್ದೀನರ ಲ್ಯಾಬಿಗೆ ಹೋಗಿ ಅದೇ ಪರೀಕ್ಷೆಗೆ ರಕ್ತ ಕೊಟ್ಟೆ. ಯಾಕೆಂದು ಕೇಳಿದ್ದಕ್ಕೆ, ಎದೆಯಲ್ಲಿ ಒಂಥರಾ ಆಗುತ್ತದೆ ಎಂದೆ. ವರದಿ ಬರುವವರೆಗೆ ಅನ್ನ ಸೇರಲಿಲ್ಲ. ಒಂಬತ್ತು ಬಂದಿದೆ. "ಅಕ್ಕಾರ, ಭಾರೀ ಚಲೋ ಐತ್ರಿ ನಿಮ್ಮದು, ಮಿಠಾಯಿ ಹಂಚ್ರಿ," ಎಂದರು ಸಿರಾಜುದ್ದೀನರು. ನಾನು ಅವರ ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ, ಪಾಪ ಅವರು ಸಂತೋಷಕ್ಕೆ ಎಂದುಕೊಂಡು ಚಹಾ ತರಿಸಿದರು. ನಾನೇನು ಅರಿಯದವಳಲ್ಲ, ರಕ್ತ ಹೇಗೆ ಬರುತ್ತದೆಂದು ವೈದ್ಯರು ತಿಳಿಸಿ ಹೇಳಿದ್ದರು. ಆದರೂ ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡಿದ್ದೇವೆ, ಅವಳ ಎಂಜಲು ನಾನು ತಿಂದಿದ್ದೇನೆ. ಎಲ್ಲೋ ಒಂದಿಷ್ಟು ನನಗೂ ಅಂಟಿರಬಹುದು ಅನ್ನಿಸಿತ್ತು.